ಏಳು ಸುತ್ತು ಎಣಿಸೋಕೆ ಕೂತು ಎಂಟು ವರ್ಷ: ಗೂಗಲ್ ಅರ್ಥ್ ಪ್ರೊ ಬಳಸಿದ ಅನುಭವ

ಚಿತ್ರದುರ್ಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ. ಎಂಟು ವರ್ಷದ ಹಿಂದೆ ಮಗ ಶಾಲೆಯಿಂದ ಬಂದವನೇ "ಅಪ್ಪಾ, ಏಳು ಸುತ್ತಿನ ಕೋಟೆ ಅಂತಾರಲ್ಲ, ಆ ಏಳು ಸುತ್ತು ಎಲ್ಲಿವೆ ತೋರ್ಸು" ಅಂದ. ಹುಟ್ಟಿದ್ದು ಬೆಳೆದದ್ದು ಎಲ್ಲಾ ಇಲ್ಲೇ, ಊರಿಗೆ ನೆಂಟರು ಬಂದಾಗಲೆಲ್ಲ ಅವರನ್ನು ಕರೆದುಕೊಂಡು ಕೋಟೆ ಹತ್ತಿದ್ದೇನೆ, ಆದರೆ ಸುತ್ತು ಎಣಿಸಿ ತೋರಿಸಲು ನನಗೂ ಬರಲಿಲ್ಲ. ಅವತ್ತೇ ಸಂಜೆ ಅಂಗಡಿ ಕಂಪ್ಯೂಟರಿಗೆ ಗೂಗಲ್ ಅರ್ಥ್ ಪ್ರೊ ಹಾಕಿಕೊಂಡೆ, ಉಪಗ್ರಹ ಮತ್ತು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಯಾವ ಊರನ್ನಾದರೂ ಮೇಲಿಂದ ತೋರಿಸುವ ಪ್ರೋಗ್ರಾಂ ಇದು. ಮೊದಲು ಇದಕ್ಕೆ ದುಡ್ಡು ಕೊಡಬೇಕಿತ್ತು. 2015ರಿಂದ ಪುಕ್ಕಟೆ.

ಮೊದಲ ದಿನ ಕೋಟೆ ಕಾಣಲೇ ಇಲ್ಲ! ಬರೀ ಬಂಡೆ. ಆಮೇಲೆ ಯೋಚಿಸಿದರೆ ಸರಿಯೇ ಅಲ್ವಾ, ಬೆಟ್ಟವೂ ಕಲ್ಲು, ಗೋಡೆಯೂ ಅದೇ ಕಲ್ಲು, ನೆತ್ತಿಯ ಮೇಲಿಂದ ನೋಡಿದರೆ ಎರಡಕ್ಕೂ ಒಂದೇ ಬಣ್ಣ. ದಾರಿ ತೋರಿಸಿದ್ದು ಮೇಲಿನ ಪಟ್ಟಿಯಲ್ಲಿರುವ ಗಡಿಯಾರದ ಗುರುತು. ಅದನ್ನು ಒತ್ತಿದರೆ ಅದೇ ಜಾಗದ ಹಳೆಯ ಚಿತ್ರಗಳು ತಾರೀಖಿನ ಸಮೇತ ಬರುತ್ತವೆ. ಅದರಲ್ಲಿ ಬಿಸಿಲು ಓರೆಯಾಗಿ ಬಿದ್ದಿರುವ ಚಿತ್ರ ಹುಡುಕಬೇಕು. ಗೋಡೆ ಕಾಣದಿದ್ದರೂ ಗೋಡೆಯ ನೆರಳು ಕಪ್ಪು ಗೆರೆಯ ಹಾಗೆ ಕಾಣುತ್ತದೆ, ಆ ಗೆರೆ ಹಿಡಿದು ಹೋಗಬೇಕು ಅಷ್ಟೇ. ಹಾಗೆ ಹೋಗುವಾಗ ಬಾಗಿಲುಗಳ ಹತ್ತಿರ ದಾರಿ ಹೇಗೆ ಗಕ್ಕನೆ ತಿರುಗುತ್ತದೆ ಅಂತ ಗೊತ್ತಾಯಿತು. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಕಟ್ಟಿದ್ದಾರೆ. ನಡೆಯುವಾಗ ಇದು ಸುಮ್ನೆ ಒಂದು ತಿರುವು, ಗಮನಕ್ಕೇ ಬರುವುದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ನೀರಿನ ಲೆಕ್ಕ. ಕರ್ಸರ್ ಇಟ್ಟ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಪರದೆಯ ಕೆಳಗೆ ಅಂಕಿ ಬರುತ್ತದೆ. ಗೋಪಾಲಸ್ವಾಮಿ ಹೊಂಡದ ಮೇಲೆ ಇಟ್ಟೆ, ಆಮೇಲೆ ಅಕ್ಕ ತಂಗಿ ಹೊಂಡ, ಆಮೇಲೆ ಕೆಳಗೆ ಊರೊಳಗಿನ ಸಂತೆ ಹೊಂಡ. ಅಂಕಿ ಇಳಿಯುತ್ತಲೇ ಹೋಯಿತು. ಮೇಲಿನದು ತುಂಬಿ ಕೆಳಗಿನದಕ್ಕೆ ಅಂತ ಅಜ್ಜ ಹೇಳುತ್ತಿದ್ದುದು ಇದೇ. ಹೈದರಾಲಿ 1779ರಲ್ಲಿ ಕೋಟೆ ಹಿಡಿಯುವ ತನಕ ಅಷ್ಟು ಜನ ಈ ಬಂಡೆಯ ಮೇಲೆ ಏನು ಕುಡಿದು ಬದುಕಿದರು ಅನ್ನುವುದಕ್ಕೆ ಉತ್ತರ ಆ ಮೂರು ಅಂಕಿಯಲ್ಲಿದೆ. ಓಬವ್ವನ ಕಥೆ ಎಲ್ಲರೂ ಹೇಳುತ್ತಾರೆ, ಹೊಂಡದ ಕಥೆ ಯಾರೂ ಹೇಳುವುದಿಲ್ಲ.

ಅದೇ ಗಡಿಯಾರದಲ್ಲಿ ವಾಣಿವಿಲಾಸ ಸಾಗರವನ್ನೂ ನೋಡಿ. 1907ರಲ್ಲಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಬರದ ವರ್ಷಗಳ ಚಿತ್ರದಲ್ಲಿ ಕೆಂಪು ಮಣ್ಣಿನ ದಡ ಅಗಲವಾಗಿ ಬಿದ್ದಿದೆ, ಈಚೆಗೆ ಅದೆಲ್ಲ ನೀರು. ಹಿರಿಯೂರಿನ ಗಿರಾಕಿಯೊಬ್ಬರು ಒಂದು ಪ್ರತಿ ಜೆರಾಕ್ಸ್ ಮಾಡಿಸಲು ಬಂದು ಅರ್ಧ ಗಂಟೆ ಅದನ್ನೇ ನೋಡುತ್ತಾ ನಿಂತಿದ್ದರು.

ದೂರದ ಊರುಗಳೂ ನೋಡಿದ್ದೇನೆ. ಸಕಲೇಶಪುರದ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಒಳಗೆ ನಿಂತರೆ ಆ ಆಕಾರ ಗೊತ್ತೇ ಆಗುವುದಿಲ್ಲ. ಇಟಲಿಯಲ್ಲಿ ಪಾಲ್ಮನೋವಾ ಅಂತ ಇಡೀ ಊರೇ ಒಂಬತ್ತು ಮೂಲೆಯ ನಕ್ಷತ್ರ, 1593ರದ್ದು, ರಂಗೋಲಿ ಹಾಕಿದ ಹಾಗಿದೆ. ಸಿರಿಯಾದ ಪಾಲ್ಮೈರಾದಲ್ಲಿ ಬೇಲ್ ದೇವಾಲಯ 2015ರ ಮುಂಚಿನ ಚಿತ್ರದಲ್ಲಿ ನಿಂತಿದೆ, ಆಮೇಲಿನದರಲ್ಲಿ ಮಣ್ಣು ಕಲ್ಲಿನ ರಾಶಿ. ಅದನ್ನು ನೋಡಿದ ದಿನ ಬೇಗ ಬಾಗಿಲು ಹಾಕಿಕೊಂಡು ಮನೆಗೆ ಹೋದೆ. ದಾವಣಗೆರೆ ಕಡೆಯವರು ಸಂತೇಬೆನ್ನೂರಿನ ಪುಷ್ಕರಣಿ ತಪ್ಪಿಸಬೇಡಿ. ಚೌಕದ ನಡುವೆ ಮಂಟಪ, ಮೇಲಿಂದ ಅಷ್ಟು ಅಚ್ಚುಕಟ್ಟು.

ಇನ್ನು ಕೊರತೆ. ಮೇಲಿಂದ ನೋಡಿದಾಗ ಏರು ಗೊತ್ತಾಗುವುದಿಲ್ಲ. ಪರದೆಯಲ್ಲಿ ಎರಡು ಬೆರಳಿನಷ್ಟಿರುವ ದಾರಿಗೆ ಏದುಸಿರು ಬರುತ್ತದೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ನಂಬಿ ಕೂರಬೇಡಿ. ಬ್ರಹ್ಮಗಿರಿಯ ಅಶೋಕನ ಶಾಸನ ಹುಡುಕಿದರೆ ಅದಕ್ಕೆ ಕಟ್ಟಿದ ಸೂರು ಮಾತ್ರ ಕಾಣುತ್ತದೆ, ಅಕ್ಷರ ನೋಡಲು ಮೊಳಕಾಲ್ಮೂರು ತಾಲೂಕಿಗೇ ಹೋಗಬೇಕು. ನಾವು ಹೋದೆವು ಕೂಡ. ಫೋನಿನಲ್ಲಿದ್ದ ಬೇರೊಂದು ದಾರಿ ತೋರಿಸುವ ಆ್ಯಪ್, ಹೆಸರು ಬೇಡ, ನಮ್ಮನ್ನು ಒಂದು ಶೇಂಗಾ ಹೊಲದಲ್ಲಿ ತಂದು ನಿಲ್ಲಿಸಿತು. ಕುರಿ ಕಾಯುತ್ತಿದ್ದ ಅಜ್ಜ "ನಿಮ್ ಫೋನ್ ಮುಚ್ಚಿಡ್ರಿ" ಅಂದು ದಾರಿ ತೋರಿಸಿದರು. ಆಮೇಲಿಂದ ಹಿಂದಿನ ರಾತ್ರಿಯೇ ದೊಡ್ಡ ಪರದೆಯಲ್ಲಿ ಜಾಗ ನೋಡಿ, ಪಿನ್ ಚುಚ್ಚಿ, ಒಂದು ಪ್ರಿಂಟ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಪ್ರಿಂಟರ್ ನಮ್ಮದೇ ಅಲ್ವಾ. ಹಾಂ, ಕಂಪ್ಯೂಟರ್ ತೀರಾ ಹಳೆಯದಾದರೆ ತಡವರಿಸುತ್ತದೆ, ಡೇಟಾನೂ ಚೆನ್ನಾಗಿ ತಿನ್ನುತ್ತದೆ, ವೈಫೈ ಇದ್ದರೆ ಒಳ್ಳೆಯದು.

ಐದಕ್ಕೆ ನಾಲ್ಕು ಕೊಡುತ್ತೇನೆ.

ಏಳೂ ಸುತ್ತು ಸಿಕ್ಕವಾ ಅಂತ ಕೇಳಬೇಡಿ. ನಾಲ್ಕರ ತನಕ ನನಗೂ ಮಗನಿಗೂ ಒಮ್ಮತ ಇದೆ. ಈಗ ಅವನು ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು, ಕೆಂಪು ಗೆರೆ ಎಳೆದು ಕೆಳಗೆ ಬರೆದಿದ್ದ: "ಅಪ್ಪಾ, ಐದನೇದು ಇದೇ. ಈ ಸಲ ನೀನು ಒಪ್ಪಲೇಬೇಕು." ನೋಡಿದರೆ ಅದು ಬಂಡೆಯ ಬಿರುಕು.