ಟ್ರೇನರ್ ಎಂದು ನಂಬಿಸಿ ಯುದ್ಧವಿಮಾನ ಮಾರುತ್ತಾರೆ: ಪುಣೆಯ ಕನ್ನಡಿಗರೇ, ಎಚ್ಚರ!

ಮಕ್ಕಳಿಗಾಗಲಿ ತಮಗಾಗಲಿ ಮೊದಲ ರಿಮೋಟ್ ವಿಮಾನ ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿಯೇ ಅಂಗಡಿಗೆ ಹೋಗಬೇಕು.

ಪುಣೆಯ ಪೇಠ್ ಭಾಗದ ಅಂಗಡಿಯೊಂದರಲ್ಲಿ ನಾನು ಕೇಳಿದ್ದು ಸ್ಪಷ್ಟವಾಗಿತ್ತು: ರೆಕ್ಕೆ ಮೇಲಿರುವ, ನಾಲ್ಕು ಚಾನೆಲ್ಲಿನ (ರಿಮೋಟಿನಲ್ಲಿ ನಾಲ್ಕು ನಿಯಂತ್ರಣಗಳಿರುವ), ಫೋಮ್ ಟ್ರೇನರ್, ಅಂದರೆ ಹೊಸಬರು ಹಾರಿಸಲು ಕಲಿಯುವ ವಿಮಾನ. ನಾನೂ ಮಗನೂ ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದೊಡನೆ ಅಂಗಡಿಯವರು ತಾವು ವಿಜಯಪುರದ ಕಡೆಯವರೆಂದು ಹೇಳಿ, ಚಹಾ ತರಿಸಿ, "ಅದು ಸ್ಟಾಕ್ ಇಲ್ರಿ ಸರ, ಇದೂ ಟ್ರೇನರ್ರೇ. ಒಳಗ ಜೈರೋ ಐತಿ, ಕೈ ಬಿಟ್ರೂ ಬೀಳೂದಿಲ್ಲ. ನಮ್ಮ ಮಂದಿಗೆ ಸುಳ್ಳು ಹೇಳ್ತೀನೇನ್ರಿ?" ಎಂದರು. ಜೈರೋ ಎಂದರೆ ವಿಮಾನ ವಾಲುವುದನ್ನು ಗ್ರಹಿಸಿ ತಾನೇ ಸರಿಪಡಿಸಲು ನೋಡುವ ಸಾಧನ. ಕೊಟ್ಟದ್ದು ಮಸ್ಟಾಂಗ್ ಮಾದರಿ. ಎರಡನೇ ಮಹಾಯುದ್ಧದ ಫೈಟರ್!

ಟ್ರೇನರ್ ವಿಮಾನದ ರೆಕ್ಕೆ ದಪ್ಪವಾಗಿ, ಮೈಯ ಮೇಲ್ಭಾಗದಲ್ಲಿ, ತುದಿಗಳು ತುಸು ಮೇಲಕ್ಕೆದ್ದಂತೆ ಇರುತ್ತದೆ. ಆದ್ದರಿಂದ ಅದು ನಿಧಾನವಾಗಿ ಹಾರಬಲ್ಲದು, ವಾಲಿದಾಗ ರಿಮೋಟಿನ ಸ್ಟಿಕ್ ಬಿಟ್ಟರೆ ತಾನೇ ಸಮಸ್ಥಿತಿಗೆ ಮರಳುವ ಗುಣ ಅದಕ್ಕಿರುತ್ತದೆ. ತುದಿಯತ್ತ ಕಿರಿದಾಗುವ ಫೈಟರ್ ರೆಕ್ಕೆ ಹಾಗಲ್ಲ. ವೇಗ ಇಳಿದರೆ ಒಂದು ತುದಿ ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ವಿಮಾನ ಥಟ್ಟನೆ ಮಗುಚುತ್ತದೆ, ಆಗ ಜೈರೋ ಏಲರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ತಿರುಗಿಸಿದರೆ ಸ್ಟಾಲ್ ಇನ್ನಷ್ಟು ಬಿಗಡಾಯಿಸಬಹುದು. ಮಾರುವವರಿಗೆ ಇದು ಗೊತ್ತಿಲ್ಲವೇ? ಖಂಡಿತ ಗೊತ್ತಿದೆ.

ಚಾಕಣದ ಆಚೆಯ ಬಯಲಿನಲ್ಲಿ ಥ್ರಾಟಲ್ (ಮೋಟರಿನ ವೇಗ) ತುಸು ಇಳಿಸಿದ್ದೇ ತಡ, ಎಡ ರೆಕ್ಕೆ ಕುಸಿದು ವಿಮಾನ ಮೂತಿ ಕೆಳಗಾಗಿ ನೆಲಕ್ಕೆ ಬಿತ್ತು. ಪ್ರೊಪೆಲ್ಲರ್ ಚೂರಾಯಿತು, ಮೋಟರ್ ಮೌಂಟ್ ಕಿತ್ತು ಬಂತು. ಅಲ್ಲಿ ಹಾರಿಸುತ್ತಿದ್ದ ಹಿರಿಯ ಮರಾಠಿ ಗೃಹಸ್ಥರೊಬ್ಬರು ನಮ್ಮ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಅಂಗಡಿಯ ದರದ ಚೀಟಿಯನ್ನು ಉಗುರಿನಿಂದ ಕೆರೆದರು. ಅಡಿಯಲ್ಲಿ ಇಂಗ್ಲಿಷಿನ ಒಂದು ಸಾಲಿತ್ತು. ಮಗ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ, "ಅಪ್ಪಾ, ಅನುಭವ ಇರೋರಿಗೆ ಮಾತ್ರ ಅಂತಿದೆ" ಎಂದಾಗ ನನಗೆ ತಲೆಯೆತ್ತಲಾಗಲಿಲ್ಲ. ಚೀಟಿ ಅಂಟಿಸಲು ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಬೇರೆ ಜಾಗವೇ ಇರಲಿಲ್ಲವೇ?

ಮರಳಿ ಹೋಗಿ ಕೇಳಿದರೆ, "ಹಾರಿಸಿದ ಮ್ಯಾಲೆ ವಾಪಸ್ ಇಲ್ರಿ." ಚೀಟಿಯಡಿಯ ಸಾಲಿನ ಮಾತೆತ್ತಿದರೆ, "ಕಂಪನಿಯವ್ರು ಸುಮ್ನ ಬರೀತಾರ್ರಿ, ರೆಕ್ಕಿ ತರಿಸಿಕೊಡ್ತೀನಿ, ಅಡ್ವಾನ್ಸ್ ಹಾಕ್ರಿ." ನಾನು ದನಿ ಏರಿಸಿದಾಗ ಅವರು ಕನ್ನಡವನ್ನೇ ಬಿಟ್ಟು, "ಬಿಲ್ ಮೇ ಟ್ರೇನರ್ ಕಹಾಂ ಲಿಖಾ ಹೈ?" ಎಂದರು. ಬಿಲ್ಲಿನಲ್ಲಿದ್ದದ್ದು "ಆರ್‌ಸಿ ಪ್ಲೇನ್, 1 ನಗ" ಎಂದಷ್ಟೇ. ಮಾರುವಾಗ ಕನ್ನಡ, ಹಣ ಹಿಂದಕ್ಕೆ ಕೇಳಿದಾಗ ಹಿಂದಿ! ಹಣ ಹೋದದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಡುತ್ತಿದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವು ಮಾತ್ರ "ಹೈ ವಿಂಗ್ ಟ್ರೇನರ್" ಎಂದು ಬಿಲ್ಲಿನಲ್ಲಿ ಬರೆಸದೆ ಹಣ ಕೊಡಬೇಡಿ, ಚೀಟಿಗಳನ್ನು ಅಂಗಡಿಯಲ್ಲೇ ಕಿತ್ತು ನೋಡಿ, ಜೈರೋ ಇದೆಯೆಂಬ ಒಂದೇ ಮಾತಿಗೆ ಒಪ್ಪಬೇಡಿ. ಸ್ಟಾಕ್ ಇಲ್ಲವೆಂದರೆ ಬರುವವರೆಗೆ ಕಾಯಿರಿ, ಇಲ್ಲವೇ ಬೇರೆ ಅಂಗಡಿಗೆ ಹೋಗಿ.