ಹಳೇ ಬ್ರಿಜ್ ಬಿಚ್ಚಲು ಬಿಡುವ ಮೊದಲು

ಬೇಸ್ ಗಿಟಾರಿನ ಬ್ರಿಜ್ (ತಂತಿಗಳ ಕೆಳತುದಿಯನ್ನು ಹಿಡಿಯುವ ಲೋಹದ ಭಾಗ) ತುಕ್ಕು ಹಿಡಿದಿದೆ, ತಂತಿ ಬಿಗಿಯುವ ಟ್ಯೂನಿಂಗ್ ಕೀ ಅಲುಗಾಡುತ್ತಿದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿದೆ. ಹೀಗಿದ್ದಾಗ "ಎಲ್ಲಾ ಹೊಸದು ಹಾಕಿ ಕೊಡ್ತೇವೆ" ಅನ್ನುವವರ ಕೈಗೆ ಅದನ್ನು ಸುಮ್ನೆ ಕೊಟ್ಟು ಬರಬೇಡಿ. ನನ್ನ ಬೇಸ್ ಹಾಗೆ ಹೋಗಿ, ಮೈಮೇಲೆ ಬೇಡದ ತೂತು ಹಾಕಿಸಿಕೊಂಡು ಬಂತು. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ನನ್ನದು ಜಾಝ್ ಬೇಸ್ ಮಾದರಿಯ ನಾಲ್ಕು ತಂತಿಯ ವಾದ್ಯ. ಮಂಗಳೂರು ಕಡೆ ಮದುವೆ, ಚರ್ಚ್ ಹಬ್ಬ, ಆರ್ಕೆಸ್ಟ್ರಾ ಅಂತ ನುಡಿಸುವವರಿಗೆ ಗೊತ್ತೇ ಇದೆ, ಕಡಲ ಗಾಳಿಗೆ ಕೈಯ ಬೆವರು ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಮೊದಲು ಹೋಗುವುದು ಸ್ಯಾಡಲ್‌ನ (ಬ್ರಿಜ್ ಮೇಲೆ ಒಂದೊಂದು ತಂತಿ ಕೂರುವ ತುಂಡು) ಚಿಕ್ಕ ಸ್ಕ್ರೂಗಳು. ತಂತಿಯ ಎತ್ತರ ಹೆಚ್ಚು ಕಡಿಮೆ ಮಾಡುವುದು ಅವುಗಳಿಂದಲೇ. ನನ್ನ ಬೇಸಿನಲ್ಲಿ ಅವು ಹಿಡಿದು ಕೂತಿದ್ದವು, ಆರು ಮೂಲೆಯ ಆಲೆನ್ ಕೀ ಹಾಕಿದರೆ ಬರೀ ಸುತ್ತುತ್ತಿತ್ತು. ಎ ತಂತಿಯ ಟ್ಯೂನಿಂಗ್ ಕೀ ಸಡಿಲವಾಗಿತ್ತು, ವಾಲ್ಯೂಮ್ ಕರಕರ ಅನ್ನುತ್ತಿತ್ತು. ಇಷ್ಟೇ ತೊಂದರೆ.

ಅಂಗಡಿಯವರು ನೋಡಿದ ಕೂಡಲೇ ಹೇಳಿದರು: "ತಲೆಬಿಸಿ ಮಾಡ್ಬೇಡಿ. ಬ್ರಿಜ್, ನಾಲ್ಕು ಕೀ, ಪಾಟ್, ಜ್ಯಾಕ್ ಎಲ್ಲಾ ಹೊಸದೇ ಹಾಕುವ. ಭಾರದ ಬ್ರಿಜ್ ಉಂಟು, ಸಸ್ಟೇನ್ ಜಾಸ್ತಿ ಬರ್ತದೆ." (ಪಾಟ್ ಅಂದರೆ ವಾಲ್ಯೂಮ್ ತಿರುಗಿಸುವ ಭಾಗ, ಜ್ಯಾಕ್ ಅಂದರೆ ವಯರ್ ಚುಚ್ಚುವ ಜಾಗ, ಸಸ್ಟೇನ್ ಅಂದರೆ ಸ್ವರ ಉಳಿಯುವ ಹೊತ್ತು.) ಉಂಗುಷ್ಟ ಕಿತ್ತುಬಂದದ್ದಕ್ಕೆ ಚಪ್ಪಲಿಯನ್ನೇ ಬದಲಾಯಿಸಿದ ಹಾಗೆ. ಆ ಸ್ಯಾಡಲ್ ಸ್ಕ್ರೂ ಬಿಡಿಯಾಗಿ ಸಿಗುತ್ತದೆ. ಏಷ್ಯಾದಲ್ಲಿ ತಯಾರಾದ ಬೇಸ್‌ಗಳಲ್ಲಿ ಹೆಚ್ಚಾಗಿ 3 ಮಿ.ಮೀ. ದಪ್ಪದ ಸ್ಕ್ರೂ ಇರುತ್ತದೆ, ಅದಕ್ಕೆ 1.5 ಮಿ.ಮೀ. ಆಲೆನ್ ಕೀ. ಅಮೆರಿಕದಲ್ಲಿ ತಯಾರಾದವಕ್ಕೆ ಇಂಚಿನ ಅಳತೆ. 1.5 ಮಿ.ಮೀ. ಕೀಯನ್ನು ಇಂಚಿನ 1/16ರ ತಲೆಗೆ ಹಾಕಿದರೆ ಕೂಡಿದ ಹಾಗೇ ಕಾಣುತ್ತದೆ. ತಿರುಗಿಸಿದರೆ ತಲೆ ಸವೆದು ಹೋಗುತ್ತದೆ. ಹಿಡಿದು ಕೂತ ಸ್ಕ್ರೂಗೆ ಸೂಜಿ ಮೊನೆಯಲ್ಲಿ ತುಕ್ಕು ಬಿಡಿಸುವ ಎಣ್ಣೆಯ ಒಂದು ಹನಿ ಬಿಟ್ಟು, ರಾತ್ರಿಯಿಡೀ ಇಟ್ಟರೆ ಎಷ್ಟೋ ಸಲ ಅದೇ ಬಿಡುತ್ತದೆ. ಆಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿದರೆ ಮುಗಿಯಿತು. ಆದರೆ ಇದರಲ್ಲಿ ಅಂಗಡಿಗೆ ಸಿಗುವ ಲಾಭ ಏನು ಮಾರಾಯ್ರೆ?

ವಾದ್ಯ ವಾಪಸ್ ಬಂದಾಗ ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಮನೆಯಲ್ಲಿ ಟ್ಯೂನರ್‌ಗೆ ಹಚ್ಚಿ ನೋಡಿದ ಮೇಲೆ ಒಂದೊಂದೇ ಹೊರಬಿತ್ತು.

ಮೊದಲನೆಯದು ಬ್ರಿಜ್. ಹೊಸದರ ಸ್ಕ್ರೂ ತೂತುಗಳು ಹಳೆಯದಕ್ಕೆ ಹೊಂದಿರಲಿಲ್ಲ. ಅವರು ವಾದ್ಯದ ಮೈಗೆ ಹೊಸ ತೂತು ಕೊರೆದಿದ್ದರು, ಅದೂ ಕೆಲವು ಮಿಲಿಮೀಟರ್ ಹಿಂದಕ್ಕೆ, ಜೊತೆಗೆ ಸ್ವಲ್ಪ ಬದಿಗೆ. ಈ ಮಾದರಿಯ ಬೇಸಿನ ಸ್ಕೇಲ್ (ತಂತಿ ಮಿಡಿಯುವ ಉದ್ದ) 34 ಇಂಚು. ಅಂದರೆ ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) 17 ಇಂಚು, ಅಲ್ಲಿಂದ ಜಿ ತಂತಿಯ ಸ್ಯಾಡಲ್‌ಗೆ ಹೆಚ್ಚುಕಡಿಮೆ ಅಷ್ಟೇ ದೂರ, ಇ ತಂತಿಯದು ಇನ್ನು ಸ್ವಲ್ಪ ಹಿಂದೆ. ನನ್ನ ಜಿ ತಂತಿಯ ಸ್ಯಾಡಲ್ಲನ್ನು ಪೂರ್ತಿ ಮುಂದೆ ತಂದರೂ 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ (ಅಲ್ಲೇ ತಂತಿಯನ್ನು ಒತ್ತದೆ ಬೆರಳು ತಾಗಿಸಿ ನುಡಿಸಿದ ಸ್ವರ) ಕೆಳಗೇ ಇತ್ತು. ಇನ್ನು ಮುಂದೆ ಹೋಗಲು ಜಾಗವೇ ಇಲ್ಲ. ಬದಿಗೆ ಸರಿದದ್ದರಿಂದ ಜಿ ತಂತಿ ಫ್ರೆಟ್‌ಬೋರ್ಡಿನ ಅಂಚಿಗೆ ಬಂದಿತ್ತು. ಸ್ವಲ್ಪ ಜೋರಾಗಿ ಎಳೆದರೆ ಹೊರಗೆ ಜಾರುತ್ತಿತ್ತು.

ಇದನ್ನು ಅಂಗಡಿಯಲ್ಲೇ ಕಂಡುಹಿಡಿಯಬಹುದು. ಕೊನೆಯ ಫ್ರೆಟ್‌ನ ಹತ್ತಿರ ಎರಡು ಹೊರಗಿನ ತಂತಿಗಳು ಅಂಚಿನಿಂದ ಒಂದೇ ದೂರದಲ್ಲಿ ಇವೆಯಾ ನೋಡಿ. 12ನೇ ಫ್ರೆಟ್ ಪರೀಕ್ಷೆಯನ್ನೂ (ಒತ್ತಿದ ಸ್ವರ, ಹಾರ್ಮೋನಿಕ್ ಎರಡೂ ಒಂದೇ ಇರಬೇಕು) ಅವರ ಎದುರಿಗೇ ಮಾಡಿ. ಬ್ರಿಜ್ ಕೊಳ್ಳುವ ಮೊದಲು ತಂತಿಗಳ ನಡುವಿನ ಅಂತರ (ಈ ಮಾದರಿಯಲ್ಲಿ ಸಾಮಾನ್ಯವಾಗಿ 19 ಮಿ.ಮೀ.), ಹಿಂಬದಿಯ ಸ್ಕ್ರೂ ತೂತುಗಳ ಜಾಗ, ಎರಡನ್ನೂ ಹಳೆಯದರ ಜೊತೆ ಹೋಲಿಸಿ. ತೂತು ಹೊಂದದ ಬ್ರಿಜ್ ಎಷ್ಟೇ ಚಂದ ಇದ್ದರೂ ಬೇಡ.

ಎರಡನೆಯದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹೆಡ್‌ಸ್ಟಾಕ್‌ನ (ಕೀಗಳು ಕೂರುವ ತಲೆಭಾಗ) ಮರ ಮೇಪಲ್, ಬಹಳ ಗಟ್ಟಿ. ಕೀಯ ಚಿಕ್ಕ ಸ್ಕ್ರೂಗೆ ಮೊದಲು ಸಣ್ಣ ಬಿಟ್‌ನಲ್ಲಿ ದಾರಿ ಕೊರೆಯಬೇಕು. ಅವರು ಕೊರೆಯದೇ ತಿರುಗಿಸಿದ್ದಾರೆ, ಸ್ಕ್ರೂ ಒಳಗೇ ಮುರಿದಿದೆ. ಮುರಿದದ್ದನ್ನು ಹೇಳಬಹುದಿತ್ತು. ಅದರ ಬದಲು ಸ್ಕ್ರೂವಿನ ತಲೆಯನ್ನು ಮಾತ್ರ ಗಮ್ ಹಾಕಿ ಮೇಲೆ ಅಂಟಿಸಿದ್ದರು! ಉಗುರು ತಾಗಿದ ಕೂಡಲೇ ಉದುರಿ ಕೈಗೆ ಬಂತು. ನಾಲ್ಕು ತಂತಿ ಸೇರಿ 70 ಕಿಲೋಗಿಂತ ಜಾಸ್ತಿ ಎಳೆತ ಇರುತ್ತದೆ. ಆ ಎಳೆತವನ್ನು ಹಿಡಿಯಬೇಕಾದ ಕೀಗೆ ಇದು ಬಂದೋಬಸ್ತು. ಅಂದಹಾಗೆ ನಮ್ಮ ಬಡಗಿಗಳು ಸ್ಕ್ರೂ ಸಲೀಸಾಗಿ ಹೋಗಲಿ ಅಂತ ಸಾಬೂನು ಉಜ್ಜುತ್ತಾರೆ. ಸಾಬೂನು ತೇವ ಎಳೆಯುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಮೇಣದ ಬತ್ತಿ ಉಜ್ಜಿದರೆ ಒಳ್ಳೆಯದು.

ಮೂರನೆಯದು ಗುಂಯ್ ಅನ್ನುವ ಸದ್ದು. ಬ್ರಿಜ್ ಅಡಿಯಿಂದ ಒಂದು ಗ್ರೌಂಡ್ ವಯರ್ ಒಳಗೆ ಹೋಗಿ ಪಾಟ್‌ಗೆ ಸೇರಿರುತ್ತದೆ. ಹೊಸ ಬ್ರಿಜ್ ಕೂರಿಸುವಾಗ ಅದನ್ನು ಕತ್ತರಿಸಿ ಹಾಗೇ ಬಿಟ್ಟಿದ್ದರು. ಸರಿಯಿದ್ದ ಬೇಸಿನಲ್ಲಿ ತಂತಿಗೆ ಕೈ ತಾಗಿಸಿದರೆ ಗುಂಯ್ ಕಡಿಮೆಯಾಗುತ್ತದೆ. ನನ್ನದರಲ್ಲಿ ಏನೂ ಬದಲಾಗಲಿಲ್ಲ, ತಿರುಗಿಸುವ ನಾಬ್ ಪಕ್ಕದ ಲೋಹದ ಪ್ಲೇಟ್ ಮುಟ್ಟಿದಾಗ ಮಾತ್ರ ನಿಂತಿತು. ಮಲ್ಟಿಮೀಟರ್ ಇದ್ದರೆ ಬ್ರಿಜ್ ಮತ್ತು ಜ್ಯಾಕ್‌ನ ಹೊರಗಿನ ಲೋಹದ ನಡುವೆ ಬೀಪ್ ಬರುತ್ತದಾ ನೋಡಿ.

ಪಾಟ್ ವಿಷಯ ಚಿಕ್ಕದು. ಕರಕರ ಸದ್ದಿಗೆ ಹೆಚ್ಚಾಗಿ ಕಾರಣ ಒಳಗಿನ ಕೊಳೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಆಚೆ ಈಚೆ ತಿರುಗಿಸಿದರೆ ಸಾಕಾಗುತ್ತದೆ. ಇವರು ಹಾಕಿದ್ದು ಇಂಚಿನ ಅಳತೆಯ ಪಾಟ್, ಅದರ ಕತ್ತು ದಪ್ಪ. ಹಾಗಾಗಿ ಪ್ಲೇಟಿನ ತೂತನ್ನು ಅರದಲ್ಲಿ ಉಜ್ಜಿ ಅಗಲ ಮಾಡಿದ್ದಾರೆ. 6 ಮಿ.ಮೀ. ನಾಬನ್ನು 6.35 ಮಿ.ಮೀ. ದಂಡಕ್ಕೆ ಬಡಿದು ಕೂರಿಸಿದ್ದಕ್ಕೆ ಒಂದು ನಾಬ್ ಬಿರುಕು ಬಿಟ್ಟಿದೆ. ಜ್ಯಾಕ್ ಮಾತ್ರ ಸರಿಯಾಗಿ ಹಾಕಿದ್ದರು, ಅದನ್ನು ಹೇಳಲೇಬೇಕು.

ಬಿಲ್ 9,500 ರೂಪಾಯಿ. ವಾಪಸ್ ಹೋಗಿ ತೋರಿಸಿದಾಗ "ಹಳೇ ವಾದ್ಯ ಅಲ್ವಾ, ಮರ ಸರಿ ಇಲ್ಲ" ಅಂದರು. ಹಾಗಾದರೆ ಹಳೇ ಬ್ರಿಜ್ ಕೊಡಿ ಅಂದೆ. ಗುಜರಿಗೆ ಹೋಯಿತಂತೆ.

ಕೊನೆಗೆ ಸರಿ ಮಾಡಿಕೊಟ್ಟದ್ದು ಮರದ ಕೆಲಸ ಗೊತ್ತಿದ್ದ ಇನ್ನೊಬ್ಬರು. ಬೇಡದ ತೂತುಗಳಿಗೆ ಗಟ್ಟಿ ಮರದ ಕಡ್ಡಿಯನ್ನು ಮರದ ಗಮ್ ಹಾಕಿ ತುಂಬಿ, ಒಣಗಿದ ಮೇಲೆ ಸಮ ಮಾಡಿದರು. ಹಳೆಯ ಬ್ರಿಜ್ ಇದ್ದಿದ್ದರೆ ಅದನ್ನೇ ಇಟ್ಟು ಗುರುತು ಹಾಕಬಹುದಿತ್ತು. ಇಲ್ಲದ್ದರಿಂದ ನಟ್‌ನಿಂದ ಅಳೆದು, ಎರಡು ಬದಿಯ ತಂತಿ ಜಾಗದಲ್ಲಿ ದಾರ ಎಳೆದು ನೋಡಿ, ಹಳೆ ಮಾದರಿಯ ಐದು ಸ್ಕ್ರೂ ಬ್ರಿಜ್ ಕೂರಿಸಿದರು. ಮುರಿದ ಸ್ಕ್ರೂವಿನ ಸುತ್ತ ಟೊಳ್ಳು ಬಿಟ್‌ನಲ್ಲಿ ಕೊರೆದು ತೆಗೆದು, ಅಲ್ಲಿಗೂ ಕಡ್ಡಿ ತುಂಬಿದರು. ಹತ್ತಿರದಿಂದ ನೋಡಿದರೆ ಕಲೆ ಕಾಣುತ್ತದೆ.

ನೀವು ಕೊಡುವುದಾದರೆ ಯಾವ ಪಾರ್ಟ್, ಯಾಕೆ, ಹೊಸ ತೂತು ಬೇಕಾ ಅಂತ ಮೊದಲೇ ಕೇಳಿ. ತೂತು ಬೇಕು ಅಂದರೆ ನಿಮ್ಮನ್ನು ಕೇಳದೆ ಡ್ರಿಲ್ ಮುಟ್ಟಬಾರದು ಅಂತ ಹೇಳಿಡಿ. ಬ್ರಿಜ್, ಹೆಡ್‌ಸ್ಟಾಕ್‌ನ ಹಿಂಬದಿ, ಒಳಗಿನ ವಯರಿಂಗ್ ಎಲ್ಲದರ ಫೋಟೊ ತೆಗೆದುಕೊಳ್ಳಿ. ಬಿಚ್ಚಿದ ಪ್ರತಿ ಪಾರ್ಟ್, ತುಕ್ಕು ಹಿಡಿದ ಸ್ಕ್ರೂ ಸಮೇತ, ಕವರಿಗೆ ಹಾಕಿ ವಾಪಸ್ ಕೊಡಬೇಕು ಅಂತ ಬಿಲ್ಲಿನಲ್ಲೇ ಬರೆಸಿ. ಅಷ್ಟು ಬರೆಯಲು ಹಿಂದೆ ಮುಂದೆ ನೋಡಿದರೆ ಬೇಸ್ ಎತ್ತಿಕೊಂಡು ಮನೆಗೆ ಬನ್ನಿ.