ನ್ಯಾಪ್ರಾಕ್ಸೆನ್ ಮಾತ್ರೆ: ನಾಲ್ಕು ವರ್ಷ ನುಂಗಿದವರ ಅನಿಸಿಕೆ

ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತಕ್ಕೆಂದು ನ್ಯಾಪ್ರಾಕ್ಸೆನ್ ಎಂಬ ನೋವುನಿವಾರಕದ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ ನಾಲ್ಕು ವರ್ಷ ನುಂಗಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಕುಳಿತು ಮುಷ್ಟಿ ಕಟ್ಟಿ ನೋಡುವುದು ನನ್ನ ರೂಢಿ. ಮೊದಮೊದಲು ಬೆರಳ ತುದಿ ಅಂಗೈಗೆ ತಾಗುತ್ತಲೇ ಇರಲಿಲ್ಲ. ಪೇಸ್ಟಿನ ಮುಚ್ಚಳವನ್ನು ಎರಡೂ ಅಂಗೈಗಳ ನಡುವೆ ಒತ್ತಿ ತಿರುಗಿಸುತ್ತಿದ್ದೆ. ಮಾತ್ರೆ ಶುರುವಾದ ಮೇಲೆ, ತಿಂಡಿ ತಿಂದು ಅದನ್ನು ನುಂಗಿ, ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಕುಳಿತರೆ, ನೀರು ತಣಿಯುವ ಹೊತ್ತಿಗೆ ಒಂದೊಂದೇ ಬೆರಳು ಮಡಚತೊಡಗುತ್ತಿತ್ತು. ಆ ಸುಖಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ನನ್ನ ತಕರಾರು ಇರುವುದೂ ಆ ಸುಖದ ಮೇಲೆಯೇ. ನೋವಿಲ್ಲವೆಂದ ಮೇಲೆ ರೋಗವೂ ಇಲ್ಲವೆಂದುಕೊಂಡು, ವೈದ್ಯರು ಮೊದಲೇ ಸೂಚಿಸಿದ್ದ, ರೋಗವನ್ನೇ ಹತ್ತಿಕ್ಕುವ ಮೆಥೊಟ್ರೆಕ್ಸೇಟ್ ಎಂಬ ಔಷಧಿಯನ್ನು ಪದೇ ಪದೇ ರಕ್ತಪರೀಕ್ಷೆ ಮಾಡಿಸಬೇಕೆಂಬ ಅಂಜಿಕೆಯಿಂದ ಮುಂದೂಡುತ್ತಲೇ ಹೋದೆ. ಮೂರನೇ ವರ್ಷದ ಎಕ್ಸ್‌ರೇಯಲ್ಲಿ ಬಲಗೈಯ ಎರಡು ಗೆಣ್ಣುಗಳ ಅಂಚು ಇಲಿ ಕಡಿದಂತೆ ಕಾಣಿಸಿತು.

ಈ ಮಾತ್ರೆ ತಡೆಯುವುದು ಕಾಕ್ಸ್ ಎಂಬ ಕಿಣ್ವವನ್ನು. ಅದರಿಂದ ಆ ಕಿಣ್ವ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಕಡಿಮೆಯಾಗಿ ನೋವು, ಬಾವು ಇಳಿಯುತ್ತವೆ. ಆಸ್ಪಿರಿನ್ ಕೂಡ ಹೀಗೆಯೇ ಕೆಲಸ ಮಾಡುತ್ತದೆಂದು ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲೇ ತೋರಿಸಿದ್ದರು. ಆದರೆ ಕೀಲಿನ ಒಳಪೊರೆಯ ಫೈಬ್ರೋಬ್ಲಾಸ್ಟ್ ಕೋಶಗಳು ಈ ರೋಗದಲ್ಲಿ ಉರಿಯೂತ ಎಬ್ಬಿಸುವ ಟಿಎನ್‌ಎಫ್‌ನಂತಹ ಸಂಕೇತಗಳಿಗೆ ಕೆರಳಿ, ದಪ್ಪಗೆ ಬೆಳೆದು, ಮೃದ್ವಸ್ಥಿಯನ್ನು ಕರಗಿಸುವ ಬೇರೆಯೇ ಕಿಣ್ವಗಳನ್ನು ಸುರಿಸುತ್ತವೆ, ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನೂ ಎಬ್ಬಿಸುತ್ತವೆ. ಆ ಕೆಲಸವನ್ನು ನ್ಯಾಪ್ರಾಕ್ಸೆನ್ ನಿಲ್ಲಿಸುವುದಿಲ್ಲ. ಕಳ್ಳ ಒಳಗಿರುವಾಗ ನಾಯಿಯ ಬಾಯಿ ಕಟ್ಟಿ ನಿಶ್ಚಿಂತೆಯಾಗಿ ಮಲಗಿದ ಹಾಗಾಯಿತು ನನ್ನ ಕಥೆ. ಜಠರದ ಒಳಪದರವನ್ನು ಕಾಯುವುದೂ ಪ್ರೊಸ್ಟಗ್ಲಾಂಡಿನ್ನೇ ಆದ್ದರಿಂದ ಹೊಟ್ಟೆಯುರಿಗೆ ಇನ್ನೊಂದು ಮಾತ್ರೆ ಬೇರೆ ಸೇರಿಕೊಂಡಿತು.

ಹಾಗೆಂದು ಮಾತ್ರೆಯನ್ನು ಪೂರ್ತಿ ದೂರಲಾರೆ. ತನ್ನಿಂದಾಗದ್ದನ್ನು ಅದು ನನಗೆ ಎಂದೂ ಮಾತು ಕೊಟ್ಟಿರಲಿಲ್ಲ. ಈಗ ವಾರಕ್ಕೊಮ್ಮೆ ಮಾತ್ರ ಮೆಥೊಟ್ರೆಕ್ಸೇಟ್, ಜೊತೆಗೆ ಅದರ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಮ್ಲ. ಮೆಥೊಟ್ರೆಕ್ಸೇಟಿನ ಗುಣ ಕಾಣಲು ಎರಡು ತಿಂಗಳೇ ಹಿಡಿಯಿತು, ಅಷ್ಟೂ ದಿನ ಅದನ್ನು ಬೈದುಕೊಂಡೇ ನುಂಗಿದೆ. ಕೀಲು ತೀರಾ ಬಾತ ದಿನಗಳಿಗೆಂದು ನ್ಯಾಪ್ರಾಕ್ಸೆನ್ ಡಬ್ಬಿಯಲ್ಲಿದೆ. ಬೆಳಗಿನ ಮುಷ್ಟಿ ಕಟ್ಟುವ ರೂಢಿಯೂ ಬಿಟ್ಟಿಲ್ಲ. ನೋವೇ ಇಲ್ಲದ ದಿನವೂ ಬಲಗೈಯ ತೋರುಬೆರಳು ಅಂಗೈಯಿಂದ ಒಂದು ಅಕ್ಕಿಕಾಳಿನಷ್ಟು ದೂರದಲ್ಲೇ ನಿಂತುಬಿಡುತ್ತದೆ.